ಕ್ರಯದ ಮಾತಿಲ್ಲದ ಪತ್ರ: ಚುನಾವಣೆಯ ಗೆಲುವು ಮತ್ತು ಸಂವಿಧಾನದ ತಿದ್ದುಪಡಿ

(ಸಂವಿಧಾನ ದಿನದ ಅಂಗವಾಗಿ ಚಿಕ್ಕಮಗಳೂರಿನಲ್ಲಿ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಜನಾದೇಶ ಎಂಬ ಮಾತನ್ನು ಈ ಊರಿನಲ್ಲಿ ಆಡಿದರೆ ನನ್ನ ವಯಸ್ಸಿನವರಿಗೆ 1978ರ ನವೆಂಬರ್ ತಿಂಗಳು ನೆನಪಾಗದೆ ಇರುವುದಿಲ್ಲ. ಹಿಂದಿನ ವರ್ಷ ರಾಯ್‌ಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿಯವರು ಲೋಕಸಭೆಗೆ ಮರಳಲು ಆರಿಸಿಕೊಂಡದ್ದು ನಮ್ಮ ಕ್ಷೇತ್ರವನ್ನು. ಅವರಿಗಾಗಿ ಡಿ.ಬಿ. ಚಂದ್ರೇಗೌಡರು ಸ್ಥಾನ ತೆರವು ಮಾಡಿದರು, ಜನತಾ ಪಕ್ಷದಿಂದ ವೀರೇಂದ್ರ ಪಾಟೀಲರು ಎದುರು ನಿಂತರು, ದೇಶದ ಪತ್ರಕರ್ತರೆಲ್ಲ ಘಟ್ಟ ಹತ್ತಿ ಬಂದರು. ಇಂದಿರಾ ಅವರು 77 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ನಾನಾಗ ಹೈಸ್ಕೂಲಿನಲ್ಲಿದ್ದೆ. ನಮ್ಮ ಮನೆಯ ಪಕ್ಕದ ತೋಟದ ಲೈನಿನಲ್ಲಿದ್ದ, ಅಂದರೆ ಕಾರ್ಮಿಕರ ಸಾಲುಮನೆಗಳಲ್ಲಿದ್ದ, ಹಿರಿಯ ಹೆಂಗಸೊಬ್ಬರು ಮತ ಹಾಕಿ ಬಂದು ಬೆರಳು ತೋರಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅರೇಬಿಕಾ ಹಣ್ಣು ಬಿಡಿಸುವ ಕಾಲ ಅದು. ಹಣ್ಣಿನ ಅಂಟು ಒಣಗಿ ಕಪ್ಪಾಗಿದ್ದ ಆ ಬೆರಳುಗಳಲ್ಲಿ ಮತಗಟ್ಟೆಯ ಶಾಯಿ ಯಾವುದು, ತೋಟದ ಕಲೆ ಯಾವುದು ಎಂದು ಗುರುತಿಸುವುದೇ ಕಷ್ಟವಾಗಿತ್ತು. ಯಾರಿಗೆ ಹಾಕಿದಿರಿ, ಯಾಕೆ ಹಾಕಿದಿರಿ ಎಂದು ನನ್ನ ತಾಯಿ ಕೇಳಿದಾಗ ಅವರು ಹೇಳಿದ್ದು ಇಷ್ಟು: "ಆಯಮ್ಮ ಅಷ್ಟು ದೂರದಿಂದ ನಮ್ಮೂರಿಗೆ ಬಂದವ್ರೆ, ಬರಿಗೈಲಿ ಕಳಿಸೋದಾ?"

ಆ ಉತ್ತರದಲ್ಲಿ ಒಂದು ಘನತೆ ಇದೆ. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಎಂಬ ಮಲೆನಾಡಿನ ನಡವಳಿಕೆಯೇ ಅಲ್ಲಿ ಮತವಾಗಿತ್ತು. ನಾನು ಇವತ್ತು ನಿಮ್ಮ ಮುಂದೆ ಇಡುವ ಪ್ರಶ್ನೆ ಆ ಬೆರಳಿನಿಂದಲೇ ಹುಟ್ಟಿದ್ದು. ಅದಕ್ಕಿಂತ ಎರಡು ವರ್ಷ ಮುಂಚೆ, ತುರ್ತು ಪರಿಸ್ಥಿತಿಯ ನಡುವೆ, ಇಂದಿರಾ ಅವರ ಸರ್ಕಾರ ಸಂವಿಧಾನಕ್ಕೆ 42ನೇ ತಿದ್ದುಪಡಿ ತಂದಿತ್ತು. ಹಾಗಾದರೆ ಆ ಹೆಂಗಸಿನ ಮತ 42ನೇ ತಿದ್ದುಪಡಿಗೆ ಸಿಕ್ಕ ಒಪ್ಪಿಗೆಯೇ? ಗೆದ್ದ ಪಕ್ಷವೊಂದು, ಅದು ಯಾವ ಪಕ್ಷವೇ ಆಗಿರಲಿ, ಜನ ನಮ್ಮನ್ನು ಗೆಲ್ಲಿಸಿದ್ದಾರೆ, ಆದ್ದರಿಂದ ಸಂವಿಧಾನವನ್ನು ತಿದ್ದುವ ಅಧಿಕಾರ ನಮಗೆ ಬಂದಿದೆ ಎಂದು ಹೇಳಿದಾಗ ನಾವು ಆ ಮಾತನ್ನು ಹೇಗೆ ಅಳೆಯಬೇಕು?

ಪದದಿಂದಲೇ ಆರಂಭಿಸೋಣ. ಇಂಗ್ಲಿಷಿನವರು ಮ್ಯಾಂಡೇಟ್ ಎನ್ನುವುದನ್ನು ನಾವು ಜನಾದೇಶ ಎಂದು ಕರೆದುಕೊಂಡಿದ್ದೇವೆ. ಆದೇಶ ಎಂದರೆ ನಮಗೆ ಸರ್ಕಾರಿ ಆದೇಶ ನೆನಪಾಗುತ್ತದೆ; ಅದಕ್ಕೊಂದು ಸಂಖ್ಯೆ, ದಿನಾಂಕ, ವಿಷಯ, ಉಲ್ಲೇಖ ಎಲ್ಲವೂ ಇರುತ್ತವೆ. ಮತಪತ್ರದಲ್ಲಿ ವಿಷಯ, ಉಲ್ಲೇಖ ಎಂಬ ಸಾಲುಗಳಿಲ್ಲ. ಅಲ್ಲಿರುವುದು ಹೆಸರುಗಳು ಮತ್ತು ಚಿಹ್ನೆಗಳು. ರಸ್ತೆಗಾಗಿ ಮತ ಹಾಕಿದವರು, ಜಾತಿಗಾಗಿ ಹಾಕಿದವರು, ಕಾಫಿಯ ಬೆಲೆ ಬಿದ್ದ ಸಿಟ್ಟಿಗೆ ಹಾಕಿದವರು, ಅಭ್ಯರ್ಥಿಯ ತಂದೆಯ ಮುಖ ನೋಡಿ ಹಾಕಿದವರು, ಎಲ್ಲರೂ ಒಂದೇ ಪೆಟ್ಟಿಗೆಯಲ್ಲಿ ಸೇರಿಹೋಗುತ್ತಾರೆ. ಎಣಿಕೆಯಾದ ಮೇಲೆ ಗೆದ್ದವರು ಆ ಪೆಟ್ಟಿಗೆಯ ಮುಂದೆ ನಿಂತು, ಇದರ ಅರ್ಥ ಇದು ಎಂದು ಓದಿ ಹೇಳುತ್ತಾರೆ. ಬರೆದವರು ಒಬ್ಬರು, ಓದುವವರು ಇನ್ನೊಬ್ಬರು.

ವಕೀಲನಾದ ನನಗೆ ಇಲ್ಲಿ ಒಂದು ದಾವೆ ನೆನಪಾಗುತ್ತದೆ; ವಿಷಯ ಬಿಟ್ಟು ಹೋದೆನೆಂದು ತಿಳಿಯಬೇಡಿ. ವೃತ್ತಿಗೆ ಬಂದ ಆರಂಭದ ವರ್ಷಗಳಲ್ಲಿ ನನ್ನ ಹಿರಿಯರ ಕಚೇರಿಗೆ ಬಂದ ಪ್ರಕರಣ ಅದು. ಹೊರದೇಶದಲ್ಲಿದ್ದ ವ್ಯಕ್ತಿಯೊಬ್ಬರು ತಮ್ಮ ಪಾಲಿನ ಹನ್ನೆರಡು ಎಕರೆ ಕಾಫಿ ತೋಟವನ್ನು ನೋಡಿಕೊಳ್ಳಲು ಬಂಧುವೊಬ್ಬರಿಗೆ ಜಿಪಿಎ, ಅಂದರೆ ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ, ನಮ್ಮ ಹಳಬರ ಮಾತಿನ ಮುಖ್ತ್ಯಾರ್‌ನಾಮೆ, ಬರೆದುಕೊಟ್ಟಿದ್ದರು. ತೋಟದ ಬೇಸಾಯ ಮಾಡಿಸುವುದು, ಆಳುಗಳಿಗೆ ಬಟವಾಡೆ ಮಾಡುವುದು, ಕಾಫಿಯನ್ನು ಕಾಫಿ ಮಂಡಳಿಯ ಒಟ್ಟು ಸಂಗ್ರಹವಾದ ಪೂಲಿಗೆ ಹಾಕಿ ಹಣ ಪಡೆಯುವುದು, ಕಂದಾಯ ಕಟ್ಟುವುದು, ಬ್ಯಾಂಕಿನ ವ್ಯವಹಾರ, ಕೋರ್ಟು ಕಚೇರಿಗಳಲ್ಲಿ ಹಾಜರಾಗುವುದು, ಹೀಗೆ ಎರಡು ಪುಟ ತುಂಬ ಅಧಿಕಾರಗಳಿದ್ದವು. ಕೊನೆಯಲ್ಲಿ "ಸದರಿ ಸ್ವತ್ತಿಗೆ ಸಂಬಂಧಿಸಿದ ಸಕಲ ವ್ಯವಹಾರಗಳನ್ನೂ ನಡೆಸತಕ್ಕದ್ದು" ಎಂಬ ಸಾಲಿತ್ತು. ಕೆಲವು ವರ್ಷಗಳ ನಂತರ ಆ ತೋಟ ಅದೇ ಬಂಧುವಿನ ಹೆಂಡತಿಯ ಹೆಸರಿಗೆ ಕ್ರಯವಾಗಿತ್ತು. ಎದುರು ಪಕ್ಷದ ವಾದವೆಲ್ಲ ಆ ಕೊನೆಯ ಸಾಲಿನ ಮೇಲೆ ನಿಂತಿತ್ತು. ನ್ಯಾಯಾಧೀಶರು ಪತ್ರವನ್ನು ತೆರೆದ ನ್ಯಾಯಾಲಯದಲ್ಲಿ ಮೊದಲಿಂದ ಕೊನೆಯವರೆಗೆ ಓದಿಸಿದರು. ಓದಿ ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಕ್ರಯ ಎಂಬ ಶಬ್ದ ಎಲ್ಲಿದೆ?" ಅದು ಎಲ್ಲಿಯೂ ಇರಲಿಲ್ಲ.

ಇಂಥ ಪತ್ರಗಳ ಕಾನೂನು ಸ್ಪಷ್ಟವಾಗಿದೆ. ನಿರ್ವಹಣೆಗೆ ಕೊಟ್ಟ ಅಧಿಕಾರದಲ್ಲಿ ಮಾರಾಟದ ಅಧಿಕಾರ ತಾನಾಗಿ ಸೇರಿಕೊಳ್ಳುವುದಿಲ್ಲ. ಅದನ್ನು ಬಿಡಿಸಿ ಬರೆದಿರಬೇಕು. ಎರಡನೆಯದು ಇನ್ನೂ ಮುಖ್ಯ: ಇನ್ನೊಬ್ಬರ ಪರವಾಗಿ ವ್ಯವಹರಿಸುವವನು ಆ ಸ್ವತ್ತನ್ನು ತನಗೇ ಬರೆದುಕೊಳ್ಳಬೇಕಾದರೆ ಮಾಲೀಕನಿಗೆ ಎಲ್ಲವನ್ನೂ ತಿಳಿಸಿ ಅವನ ಒಪ್ಪಿಗೆ ಪಡೆಯಬೇಕು. ಐದು ವರ್ಷ ತೋಟ ನೋಡಿಕೊಳ್ಳಿ ಎಂದು ನಾವು ಸರ್ಕಾರಕ್ಕೆ ಬರೆದುಕೊಡುವ ಪತ್ರಕ್ಕೂ ಈ ಎರಡು ನಿಯಮಗಳನ್ನು ಹಚ್ಚಿ ನೋಡಬೇಕೆಂಬುದು ನನ್ನ ವಾದ. ಇಂಥದ್ದನ್ನು ತಿದ್ದುತ್ತೇವೆ ಎಂದು ಗೆದ್ದವರು ಮೊದಲೇ ಬಿಡಿಸಿ ಹೇಳಿ ಕೇಳಿದ್ದರೇ? ತಿದ್ದಿದ್ದು ಯಾರ ಲಾಭಕ್ಕೆ, ಜನರ ಕೈಗೋ, ತಮ್ಮದೇ ಕೈಗೋ?

1971ರಿಂದ 1976ರವರೆಗಿನ ಐದು ವರ್ಷಗಳಲ್ಲಿ ಈ ಎರಡು ಪ್ರಶ್ನೆಗಳಿಗೂ ಉತ್ತರಗಳಿವೆ. ಗೋಲಕನಾಥ್ ಪ್ರಕರಣದಲ್ಲಿ 1967ರಲ್ಲಿ ಸುಪ್ರೀಂ ಕೋರ್ಟು 6-5ರ ಬಹುಮತದಿಂದ, ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸುವ ಅಧಿಕಾರ ಸಂಸತ್ತಿಗಿಲ್ಲ ಎಂದಿತ್ತು. ಬ್ಯಾಂಕ್ ರಾಷ್ಟ್ರೀಕರಣದ ಕಾನೂನು, ಮಾಜಿ ಅರಸರಿಗೆ ಸರ್ಕಾರ ಕೊಡುತ್ತಿದ್ದ ರಾಜಧನದ ರದ್ದತಿ, ಎರಡೂ ನ್ಯಾಯಾಲಯದಲ್ಲಿ ಬಿದ್ದಿದ್ದವು. 1971ರ ಚುನಾವಣೆಗೆ ಹೋಗುವಾಗ ಇಂದಿರಾ ಅವರ ಕಾಂಗ್ರೆಸ್ ತನ್ನ ಪ್ರಣಾಳಿಕೆಯಲ್ಲಿ, ಸಾಮಾಜಿಕ ನ್ಯಾಯದ ದಾರಿಗೆ ಅಡ್ಡವಾಗಿರುವುದನ್ನು ನಿವಾರಿಸಲು ಬೇಕಾದ ಸಂವಿಧಾನ ತಿದ್ದುಪಡಿಗಳನ್ನು ತರುತ್ತೇವೆಂದು ಹೇಳಿಯೇ ಮತ ಕೇಳಿತು. ಶೇಕಡಾ 43ಕ್ಕಿಂತ ಸ್ವಲ್ಪ ಹೆಚ್ಚು ಮತ, 352 ಸ್ಥಾನಗಳು ಬಂದವು. ಆಮೇಲೆ ಬಂದ, ಸಂಸತ್ತಿನ ತಿದ್ದುವ ಅಧಿಕಾರ, ಆಸ್ತಿಯ ಪರಿಹಾರ ಮತ್ತು ರಾಜಧನದ ರದ್ದತಿಗೆ ಸಂಬಂಧಿಸಿದ 24, 25 ಮತ್ತು 26ನೇ ತಿದ್ದುಪಡಿಗಳನ್ನು ನೀವು ಒಪ್ಪಿ ಅಥವಾ ಬಿಡಿ, ಕೇಳದೆ ಮಾಡಿದರು ಎಂದು ಆರೋಪಿಸಲಾಗದು. ಪತ್ರದಲ್ಲಿ ಆ ಶಬ್ದ ಇತ್ತು.

ಈಗ 1975ಕ್ಕೆ ಬನ್ನಿ. ಅದೇ ಲೋಕಸಭೆ, ಅದೇ ಬಹುಮತ. ಜೂನ್ 12ರಂದು ಅಲಹಾಬಾದ್ ಹೈಕೋರ್ಟು ಪ್ರಧಾನಿಯ ಆಯ್ಕೆಯನ್ನೇ ಅಸಿಂಧುಗೊಳಿಸಿತು. ಅದರ ಮೇಲ್ಮನವಿಯ ವಿಚಾರಣೆ ಸುಪ್ರೀಂ ಕೋರ್ಟಿನಲ್ಲಿ ಆಗಸ್ಟ್ 11ಕ್ಕೆ ನಿಗದಿಯಾಗಿತ್ತು. ಪ್ರಧಾನಿಯ ಆಯ್ಕೆಯನ್ನು ನ್ಯಾಯಾಲಯ ಪ್ರಶ್ನಿಸುವಂತಿಲ್ಲ ಎಂಬ 39ನೇ ತಿದ್ದುಪಡಿ ಆಗಸ್ಟ್ 7ರಂದು ಲೋಕಸಭೆಯಲ್ಲಿ ಮಂಡನೆಯಾಗಿ ಅಂದೇ ಅಂಗೀಕಾರವಾಯಿತು. 8ರಂದು ರಾಜ್ಯಸಭೆ, 9ರಂದು ರಾಜ್ಯ ವಿಧಾನಸಭೆಗಳ ಅನುಮೋದನೆ, 10ರಂದು ರಾಷ್ಟ್ರಪತಿಗಳ ಅಂಕಿತ. ದೇಶದ ಮೂಲ ಕಾನೂನನ್ನು ನಾಲ್ಕು ದಿನಗಳಲ್ಲಿ, ಒಂದು ಮೊಕದ್ದಮೆಯ ವಾಯಿದೆಗೆ ಮುಂಚೆ, ಒಬ್ಬರ ಸಲುವಾಗಿ ತಿದ್ದಲಾಯಿತು. ನಮ್ಮಲ್ಲಿ ಒಂದು ಪಹಣಿ ತಿದ್ದುಪಡಿಗೆ ಎಷ್ಟು ದಿನ ಅಲೆಯಬೇಕೆಂದು ನಿಮಗೆ ಗೊತ್ತು. ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗವನ್ನು ರದ್ದುಪಡಿಸಿತು, ಆದರೆ ಅಷ್ಟರಲ್ಲಿ ಚುನಾವಣಾ ಕಾನೂನನ್ನೇ ಹಿಂದಿನಿಂದ ಜಾರಿಗೆ ಬರುವಂತೆ ಬದಲಿಸಿದ್ದರಿಂದ ಮೇಲ್ಮನವಿ ಪ್ರಧಾನಿಯ ಪರವಾಗಿ ತೀರ್ಮಾನವಾಯಿತು.

42ನೇ ತಿದ್ದುಪಡಿ ಇನ್ನೂ ದೊಡ್ಡದು. 59 ಕಲಮುಗಳ ಆ ಕಾಯಿದೆಯನ್ನು ಜನ ಪುಟ್ಟ ಸಂವಿಧಾನವೆಂದೇ ಕರೆದರು. ಲೋಕಸಭೆಯ ಅವಧಿ ಐದರಿಂದ ಆರು ವರ್ಷವಾಯಿತು. ಸಂಸತ್ತಿನ ತಿದ್ದುಪಡಿಯನ್ನು ಯಾವ ನ್ಯಾಯಾಲಯವೂ ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ ಎಂದು, ಸಂವಿಧಾನ ತಿದ್ದುವ ವಿಧಾನವನ್ನು ಹೇಳುವ 368ನೇ ವಿಧಿಗೆ ಸೇರಿಸಲಾಯಿತು. ಇದನ್ನು ಲೋಕಸಭೆ ಅಂಗೀಕರಿಸಿದ್ದು 1976ರ ನವೆಂಬರ್ ಆರಂಭದಲ್ಲಿ. ಆದರೆ 1971ರ ಮಾರ್ಚಿನಲ್ಲಿ ಆಯ್ಕೆಯಾದ ಆ ಸದನದ ಐದು ವರ್ಷಗಳು 1976ರ ಮಾರ್ಚಿಗೇ ಮುಗಿದಿದ್ದವು. ತುರ್ತು ಪರಿಸ್ಥಿತಿಯ ಹೆಸರಿನಲ್ಲಿ ಅದು ತನ್ನ ಆಯುಷ್ಯವನ್ನು ತಾನೇ ಹೆಚ್ಚಿಸಿಕೊಂಡಿತ್ತು. ವಾಯಿದೆ ತೀರಿದ ಮುಖ್ತ್ಯಾರ್‌ನಾಮೆ ಹಿಡಿದುಕೊಂಡು, ಅನೇಕ ವಿರೋಧ ಪಕ್ಷದ ನಾಯಕರು ಜೈಲಿನಲ್ಲಿದ್ದಾಗ, ಪತ್ರಿಕೆಗಳ ಬಾಯಿ ಕಟ್ಟಿದ್ದಾಗ, ಮುಖ್ತ್ಯಾರ್‌ನಾಮೆಯ ಷರತ್ತುಗಳನ್ನೇ ಬದಲಿಸಿದಂತಾಯಿತು. 1971ರ ಗೆಲುವು ಇದಕ್ಕೆ ಆಧಾರವಾಗಲಾರದು ಎಂದು ಹೇಳಲು ಕಾನೂನಿನ ಪದವಿಯ ಅಗತ್ಯವಿಲ್ಲ.

ಮುಂದಿನ ಚುನಾವಣೆ 1977ರ ಮಾರ್ಚಿನಲ್ಲಿ. ಜನತಾ ಪಕ್ಷ 42ನೇ ತಿದ್ದುಪಡಿಯನ್ನು ಕಿತ್ತುಹಾಕುತ್ತೇವೆಂದು ಬಹಿರಂಗವಾಗಿ ಹೇಳಿ ಮತ ಕೇಳಿತು, ದೆಹಲಿಯಲ್ಲಿ ಅಧಿಕಾರಕ್ಕೆ ಬಂದಿತು. ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋಯಿತು. ಆದರೆ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಬಂದವು. ಉಳಿದ ಎರಡರಲ್ಲಿ ಒಂದು ನಮ್ಮ ನೆರೆಯ ಹಾಸನ, ಅಲ್ಲಿ ಎಸ್. ನಂಜೇಶಗೌಡರು ಗೆದ್ದರು, ಇನ್ನೊಂದು ಬೆಂಗಳೂರು ದಕ್ಷಿಣ. ಈಗ, ಮತವೆಂದರೆ ಸಂವಿಧಾನದ ಬಗ್ಗೆ ಕೊಟ್ಟ ಆದೇಶ ಎಂದೇ ಓದುವುದಾದರೆ, ಚಿಕ್ಕಮಗಳೂರು 42ನೇ ತಿದ್ದುಪಡಿಯನ್ನು ಅನುಮೋದಿಸಿತು, ಗಡಿ ದಾಟಿದರೆ ಬೇಲೂರು, ಹಾಸನದವರು ಅದನ್ನು ತಿರಸ್ಕರಿಸಿದರು ಎನ್ನಬೇಕಾಗುತ್ತದೆ. ಎರಡೂ ಕಡೆ ಸಂಬಂಧಿಕರಿರುವ ನಿಮಗೆ ಇದು ಎಷ್ಟು ಅಸಂಗತವೆಂದು ಬೇರೆ ಹೇಳಬೇಕಿಲ್ಲ. ದೇವರಾಜ ಅರಸರ ಭೂಸುಧಾರಣೆ, ಹಿಂದುಳಿದ ವರ್ಗಗಳಿಗೆ ಸಿಕ್ಕ ದನಿ, ಬಡವರಿಗೆ ಸಿಕ್ಕ ನಿವೇಶನ, ಸ್ಥಳೀಯ ನಾಯಕರ ವರ್ಚಸ್ಸು, ಇವು ಆ ಮತಗಳ ಹಿಂದಿದ್ದವು. 368ನೇ ವಿಧಿ ಇರಲಿಲ್ಲ.

ಬೆಂಗಳೂರು ದಕ್ಷಿಣದಲ್ಲಿ ಗೆದ್ದವರ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ಈ ಕತೆಯ ಎಳೆಗಳೆಲ್ಲ ಅವರಲ್ಲಿ ಸೇರುತ್ತವೆ. ಅವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಕಾರ್ಕಳ ಸೀಮೆಯ ಕೆ.ಎಸ್. ಹೆಗ್ಡೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರು ಹೂಡಿದ ದಾವೆಯನ್ನು 13 ನ್ಯಾಯಮೂರ್ತಿಗಳ ಪೀಠ 68 ದಿನ ಕೇಳಿ, 1973ರ ಏಪ್ರಿಲ್ 24ರಂದು 7-6ರ ಬಹುಮತದಿಂದ ಕೊಟ್ಟ ತೀರ್ಪು ಪ್ರಸಿದ್ಧವಾಗಿದೆ: ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಆ ಬಹುಮತದಲ್ಲಿ ಹೆಗ್ಡೆಯವರಿದ್ದರು. ಮರುದಿನವೇ ಹೆಗ್ಡೆ, ಶೇಲತ್, ಗ್ರೋವರ್ ಈ ಮೂವರ ಹಿರಿತನವನ್ನು ಬದಿಗೊತ್ತಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ಘೋಷಿಸಲಾಯಿತು. ಹೆಗ್ಡೆಯವರು ರಾಜೀನಾಮೆ ಕೊಟ್ಟರು, ನಾಲ್ಕು ವರ್ಷಗಳ ನಂತರ ಜನರ ಮುಂದೆ ಹೋಗಿ ಗೆದ್ದರು, ಲೋಕಸಭೆಯ ಸ್ಪೀಕರ್ ಆದರು. 1978ರಲ್ಲಿ ಚಿಕ್ಕಮಗಳೂರಿನಿಂದ ಗೆದ್ದುಹೋದ ಇಂದಿರಾ ಅವರು ಸದಸ್ಯೆಯಾಗಿ ಪ್ರವೇಶಿಸಿದ್ದು ಹೆಗ್ಡೆಯವರು ಸಭಾಧ್ಯಕ್ಷರಾಗಿದ್ದ ಸದನವನ್ನು. ಡಿಸೆಂಬರ್ 19ರಂದು ಅದೇ ಸದನ ಹಕ್ಕುಚ್ಯುತಿಯ ಆರೋಪದ ಮೇಲೆ ಅವರನ್ನು ಉಚ್ಚಾಟಿಸಿತು.

ಆ ಉಚ್ಚಾಟನೆಯನ್ನು ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ತಿಂಗಳ ಹಿಂದೆ ನಮ್ಮ ಜನ ಆರಿಸಿ ಕಳಿಸಿದ್ದವರನ್ನು, 1977ರ ಗೆಲುವಿನ ಬಲದಿಂದ ಹೊರಗೆ ಹಾಕಿದ್ದು ಅದೇ ತಪ್ಪಿನ ಇನ್ನೊಂದು ಮುಖ. ಗೆಲುವು ಎಲ್ಲಕ್ಕೂ ಪರವಾನಗಿ ಎಂಬ ಭಾವನೆ ಒಂದು ಪಕ್ಷದ ಸೊತ್ತಲ್ಲ. 1981ರಲ್ಲಿ ಮುಂದಿನ ಲೋಕಸಭೆ ಆ ನಿರ್ಣಯವನ್ನು ಹಿಂತೆಗೆದುಕೊಂಡಿತು.

ಆದರೆ ಜನತಾ ಸರ್ಕಾರ ಸಂವಿಧಾನದ ವಿಷಯದಲ್ಲಿ ನಡೆದುಕೊಂಡ ರೀತಿಯನ್ನು ಗೌರವದಿಂದಲೇ ನೆನೆಯಬೇಕು. ಕಾನೂನು ಸಚಿವ ಶಾಂತಿಭೂಷಣರು ತಂದ ಮಸೂದೆ 44ನೇ ತಿದ್ದುಪಡಿಯಾಯಿತು. ಲೋಕಸಭೆಯ ಅವಧಿ ಮತ್ತೆ ಐದು ವರ್ಷಕ್ಕೆ ಇಳಿಯಿತು. ಆಂತರಿಕ ಕ್ಷೋಭೆ ಎಂಬ ಸಡಿಲ ಕಾರಣಕ್ಕೆ ಇನ್ನು ತುರ್ತು ಪರಿಸ್ಥಿತಿ ಹೇರುವಂತಿಲ್ಲ, ಸಶಸ್ತ್ರ ಬಂಡಾಯವೇ ಆಗಬೇಕು ಎಂದಾಯಿತು. ಆಳುವ ಸರ್ಕಾರ ತನ್ನ ಕೈಯನ್ನು ತಾನೇ ಕಟ್ಟಿಕೊಂಡ ತಿದ್ದುಪಡಿ ಇದು. ಮೂಲ ಮಸೂದೆಯಲ್ಲಿ ಇನ್ನೊಂದು ಅಂಶವಿತ್ತು, ಈಗ ಅದನ್ನು ನೆನೆಯುವವರು ಕಡಿಮೆ. ಸಂವಿಧಾನದ ಮೂಲಭೂತ ಲಕ್ಷಣಗಳಿಗೆ ಕೈ ಹಾಕುವ ಯಾವುದೇ ತಿದ್ದುಪಡಿಯನ್ನು ಜನಮತಗಣನೆಯ ಮೂಲಕ ನೇರವಾಗಿ ಜನರ ಮುಂದೆ ಇಡಬೇಕು ಎಂಬ ಪ್ರಸ್ತಾಪ ಅದು. ಲೋಕಸಭೆ ಒಪ್ಪಿತು. ಕಾಂಗ್ರೆಸ್ಸಿನ ಬಲ ಉಳಿದಿದ್ದ ರಾಜ್ಯಸಭೆ 1978ರ ಆಗಸ್ಟಿನಲ್ಲಿ ಆ ಕಲಮನ್ನು ತೆಗೆದುಹಾಕಿತು, ಸರ್ಕಾರ ಅದಿಲ್ಲದೆಯೇ ಮುಂದುವರಿಯಿತು. ಪ್ರಣಾಳಿಕೆಯಲ್ಲಿ ಬಿಡಿಸಿ ಹೇಳಿ, ಗೆದ್ದು ಬಂದು, ಆಮೇಲೂ ಎದುರಾಳಿಗಳ ಒಪ್ಪಿಗೆಯಿಲ್ಲದ ಕಡೆ ಹಿಂದೆ ಸರಿದ ಸರ್ಕಾರ ಅದೊಂದೇ ಎಂದು ಹೇಳಲಾರೆ, ಆದರೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಸಂಸತ್ತಿನ ಮಿತಿಯಿಲ್ಲದ ಅಧಿಕಾರದ ಕಲಮುಗಳು ಮಾತ್ರ ಉಳಿದುಕೊಂಡಿದ್ದವು. ಅವು ಬಿದ್ದದ್ದು 1980ರಲ್ಲಿ, ಬೆಂಗಳೂರಿನ ಮಿನರ್ವ ಮಿಲ್ಲಿನ ಪ್ರಕರಣದಲ್ಲಿ. ಸೀಮಿತ ಅಧಿಕಾರ ಪಡೆದವನು ಅದೇ ಅಧಿಕಾರ ಬಳಸಿ ಅದನ್ನು ಅಸೀಮಿತವಾಗಿ ಮಾಡಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟು ಹೇಳಿತು. ತೋಟದ ದಾವೆಯಲ್ಲಿ ನಮ್ಮ ನ್ಯಾಯಾಧೀಶರು ಹೇಳಿದ್ದೂ ಅದೇ.

ಈಗ ನಮ್ಮ ಜಿಲ್ಲೆಗೆ ಅತಿ ಹತ್ತಿರದ ವಿಷಯಕ್ಕೆ ಬರುತ್ತೇನೆ. ಡೀಮ್ಡ್ ಅರಣ್ಯ, ಅಂದರೆ ದಾಖಲೆಯಲ್ಲಿ ಅರಣ್ಯವೆಂದಿಲ್ಲದಿದ್ದರೂ ಅರಣ್ಯವೆಂದು ಪರಿಗಣಿಸಿದ ಜಾಗ, ಎಂಬ ಪದ ಕೇಳದ ಕೃಷಿಕರು ಈ ಸಭೆಯಲ್ಲಿ ಇರಲಾರರು. ಸಂವಿಧಾನ ಜಾರಿಗೆ ಬಂದಾಗ ಅರಣ್ಯವು ರಾಜ್ಯಗಳು ಕಾನೂನು ಮಾಡುವ ವಿಷಯಗಳ ಪಟ್ಟಿಯಲ್ಲಿ, ಅಂದರೆ ರಾಜ್ಯ ಪಟ್ಟಿಯಲ್ಲಿ, ಇತ್ತು. ಅದನ್ನು, ವನ್ಯಜೀವಿ ಸಂರಕ್ಷಣೆ ಮತ್ತು ಶಿಕ್ಷಣದ ಜೊತೆಗೆ, ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಒಯ್ದದ್ದು ಅದೇ 42ನೇ ತಿದ್ದುಪಡಿ. ಅದರಿಂದಾಗಿಯೇ 1980ರಲ್ಲಿ ಕೇಂದ್ರ ಸರ್ಕಾರ ಅರಣ್ಯ ಸಂರಕ್ಷಣಾ ಕಾಯಿದೆ ತರಲು ಸಾಧ್ಯವಾಯಿತು. ಅರಣ್ಯ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಲು ದೆಹಲಿಯ ಅನುಮತಿ ಕಡ್ಡಾಯವಾಯಿತು. 1996ರ ಡಿಸೆಂಬರಿನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ದಾಖಲೆಯಲ್ಲಿ ಯಾರ ಹೆಸರೇ ಇರಲಿ, ನಿಘಂಟಿನ ಅರ್ಥದಲ್ಲಿ ಅರಣ್ಯವಾಗಿರುವುದೆಲ್ಲ ಆ ಕಾಯಿದೆಗೆ ಒಳಪಡುತ್ತದೆ ಎಂದಿತು. ಮುಂದೆ ಕುದುರೆಮುಖದ ಗಣಿ ನಿಂತದ್ದಕ್ಕೂ, ನಿಮ್ಮಲ್ಲಿ ಕೆಲವರ ಒತ್ತುವರಿ ಸಕ್ರಮದ ಅರ್ಜಿಗಳು ಕಡತದಲ್ಲೇ ಉಳಿದಿರುವುದಕ್ಕೂ ಈ ಸರಪಣಿಯಲ್ಲಿ ನಂಟಿದೆ. ಈ ಕಾಯಿದೆ ಇಲ್ಲದಿದ್ದರೆ ನಮ್ಮ ಶೋಲಾ ಕಾಡುಗಳು ಇಷ್ಟಾದರೂ ಉಳಿಯುತ್ತಿದ್ದವೇ ಎಂಬ ಅನುಮಾನ ನನಗಿದೆ. ಆದ್ದರಿಂದ ಅದನ್ನು ದೂರಲು ನಾನು ಇದನ್ನು ಹೇಳುತ್ತಿಲ್ಲ. ಮಲೆನಾಡಿನ ಬದುಕನ್ನು ಇಷ್ಟು ಆಳವಾಗಿ ಮುಟ್ಟಿದ ಸಂವಿಧಾನದ ಬದಲಾವಣೆಯ ಬಗ್ಗೆ 1971ರಲ್ಲಿ ನಮ್ಮನ್ನು ಯಾರೂ ಕೇಳಲಿಲ್ಲ, 1977ರಲ್ಲೂ 1978ರಲ್ಲೂ ಯಾವ ವೇದಿಕೆಯಿಂದಲೂ ಅದು ನಮ್ಮ ಕಿವಿಗೆ ಬೀಳಲಿಲ್ಲ. ಜನತಾ ಸರ್ಕಾರದ ತಿದ್ದುಪಡಿಯ ನಂತರವೂ ಅರಣ್ಯ ಸಮವರ್ತಿ ಪಟ್ಟಿಯಲ್ಲೇ ಉಳಿಯಿತು. 42ನೇ ತಿದ್ದುಪಡಿಯನ್ನು ತಂದವರನ್ನೂ ಅದನ್ನು ಕಿತ್ತುಹಾಕುತ್ತೇವೆಂದವರನ್ನೂ ದೇಶ ಸರದಿಯಂತೆ ಗೆಲ್ಲಿಸಿತು, ಆದರೆ ಕಾಡಿನ ಪಕ್ಕದಲ್ಲಿ ಬದುಕುವವರ ಅಭಿಪ್ರಾಯ ಒಮ್ಮೆಯೂ ದಾಖಲಾಗಲಿಲ್ಲ.

ನನ್ನ ವಾದಕ್ಕೆ ಎದುರಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತು ಅಂಬೇಡ್ಕರ್ ಅವರದೇ. 1949ರ ನವೆಂಬರ್ 25ರ ಭಾಷಣದಲ್ಲಿ ಅವರು, ಸಂವಿಧಾನದ ಬಗ್ಗೆ ಅತೃಪ್ತಿಯಿರುವವರು ಮೂರನೇ ಎರಡರಷ್ಟು ಬಹುಮತ ಗಳಿಸಿದರೆ ಸಾಕು, ವಯಸ್ಕ ಮತದಾನದಿಂದ ಆಯ್ಕೆಯಾದ ಸಂಸತ್ತಿನಲ್ಲಿ ಅಷ್ಟನ್ನೂ ಗಳಿಸಲಾಗದಿದ್ದರೆ ಆ ಅತೃಪ್ತಿಯಲ್ಲಿ ಜನರ ಪಾಲಿದೆ ಎನ್ನಲಾಗದು ಎಂಬ ಅರ್ಥದ ಮಾತು ಆಡಿದರು. ಸಂವಿಧಾನ ಸಭೆಯೇ ಸೀಮಿತ ಮತಾಧಿಕಾರದ ಪ್ರಾಂತೀಯ ಶಾಸನಸಭೆಗಳಿಂದ ಪರೋಕ್ಷವಾಗಿ ಆಯ್ಕೆಯಾಗಿತ್ತು ಎಂಬುದೂ ನಿಜ. ಹಾಗಿರುವಾಗ ಇಡೀ ದೇಶ ಆರಿಸಿದ ಸಂಸತ್ತಿಗೆ ಅಡ್ಡ ಹಾಕಲು ನಾವು ಯಾರು? ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ಆದರೆ ಅದೇ ಅಂಬೇಡ್ಕರ್ ಒಂದು ವರ್ಷ ಮುಂಚೆ, 1948ರ ನವೆಂಬರ್ 4ರಂದು, ಕರಡನ್ನು ಮಂಡಿಸುತ್ತಾ ಇನ್ನೊಂದು ಮಾತು ಹೇಳಿದ್ದರು: ಈ ಸಭೆಗೆ ಸ್ವಂತ ಹಿತವಿಲ್ಲ, ಮುಂದಿನ ಸಂಸತ್ತಿನ ಸದಸ್ಯರು ಪಕ್ಷದವರಾಗಿರುತ್ತಾರೆ, ತಮ್ಮ ಪಕ್ಷದ ಕೆಲಸಕ್ಕೆ ಯಾವುದೋ ವಿಧಿ ಅಡ್ಡವಾಯಿತೆಂದು ಅದನ್ನು ತಿದ್ದಲು ಬರುತ್ತಾರೆ, ಆದ್ದರಿಂದ ತಿದ್ದುಪಡಿ ಸಾಮಾನ್ಯ ಕಾನೂನಿಗಿಂತ ಕಷ್ಟವಾಗಿರಬೇಕು. ಎರಡನ್ನೂ ಒಟ್ಟಿಗೆ ಓದಬೇಕು. ಮೂರನೇ ಎರಡರಷ್ಟು ಎಂಬ ಅಳತೆಯಲ್ಲಿ ಅವರು ಕಂಡದ್ದು ವಿಶಾಲ ಒಪ್ಪಿಗೆಯನ್ನು. ಆದರೆ ನಮ್ಮ ಚುನಾವಣಾ ಪದ್ಧತಿಯಲ್ಲಿ ಶೇಕಡಾ 43ರಷ್ಟು ಮತ ಸ್ಥಾನಗಳಾಗುವಾಗ ಮೂರನೇ ಎರಡರಷ್ಟಾಯಿತು. 1984ರಲ್ಲಿ ನಾನೂರು ದಾಟಿದ ರಾಜೀವ್ ಗಾಂಧಿಯವರ ಪಕ್ಷಕ್ಕೂ ಅರ್ಧದಷ್ಟು ಮತ ಬಂದಿರಲಿಲ್ಲ. ಇವತ್ತಿನವರೆಗೂ ಯಾವ ಲೋಕಸಭಾ ಚುನಾವಣೆಯಲ್ಲೂ ಒಂದೇ ಪಕ್ಷ ಅರ್ಧ ಮತ ಗಳಿಸಿಲ್ಲ.

ರಾಜೀವ್ ಅವರ ಹೆಸರು ಬಂದದ್ದರಿಂದ ಒಂದು ಸಂಗತಿ ಹೇಳಬೇಕು. ಪಂಚಾಯಿತಿಗಳಿಗೆ ಸಂವಿಧಾನದ ಸ್ಥಾನ ಕೊಡುವ 64ನೇ ತಿದ್ದುಪಡಿ ಮಸೂದೆಯನ್ನು ಅಷ್ಟು ದೊಡ್ಡ ಬಹುಮತದ ಸರ್ಕಾರ 1989ರಲ್ಲಿ ತಂದಿತು, ರಾಜ್ಯಸಭೆಯಲ್ಲಿ ಸೋತಿತು. ರಾಜ್ಯಗಳನ್ನು ದಾಟಿ ದೆಹಲಿ ನೇರವಾಗಿ ಹಳ್ಳಿಗೆ ಕೈ ಚಾಚುತ್ತಿದೆ ಎಂಬ ಅನುಮಾನ ಅದರ ಮೇಲಿತ್ತು. 1992ರ ಡಿಸೆಂಬರಿನಲ್ಲಿ ಅದೇ ಆಶಯದ 73ನೇ ತಿದ್ದುಪಡಿ ಬಹುತೇಕ ಸರ್ವಾನುಮತದಿಂದ ಅಂಗೀಕಾರವಾದಾಗ ಪಿ.ವಿ. ನರಸಿಂಹ ರಾವ್ ಅವರ ಸರ್ಕಾರಕ್ಕೆ ಬಹುಮತವೇ ಇರಲಿಲ್ಲ. ಅದಕ್ಕೂ ಮುಂಚೆ ನಮ್ಮ ರಾಜ್ಯದಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಕಾಯಿದೆಯನ್ನು 1983ರಲ್ಲಿ ರೂಪಿಸಿದ ರಾಮಕೃಷ್ಣ ಹೆಗಡೆಯವರ ಸರ್ಕಾರವೂ ಆಗ ಇತರರ ಬೆಂಬಲದಿಂದ ನಿಂತ ಸರ್ಕಾರ. ಕೊಳವೆ ಬಾವಿ ಕೊರೆಸಿ ನೀರು ಸಾಬರೆಂದು ಹೆಸರಾದ ಅಬ್ದುಲ್ ನಜೀರ್ ಸಾಬ್ ಅವರು ತಮ್ಮ ಕೈಯಲ್ಲಿದ್ದ ಅಧಿಕಾರವನ್ನು ಕೆಳಗೆ ಬಿಟ್ಟುಕೊಡಲು ಓಡಾಡಿದ ಮಂತ್ರಿ. ಬಿಟ್ಟುಕೊಡುವ ತಿದ್ದುಪಡಿಗೆ ಸಣ್ಣ ಗೆಲುವೂ ಸಾಕಾಯಿತು. ಬಾಚಿಕೊಳ್ಳುವ ತಿದ್ದುಪಡಿಗೆ ಎಷ್ಟು ದೊಡ್ಡ ಗೆಲುವಾದರೂ ಸಾಕಾಗಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ನಮ್ಮ ನೆರೆಯ ಶ್ರೀಲಂಕಾವನ್ನು ನೋಡಿ. 1970ರಲ್ಲಿ ಸಿರಿಮಾವೊ ಬಂಡಾರನಾಯಕೆ ಅವರ ಮೈತ್ರಿಕೂಟ ಹೊಸ ಸಂವಿಧಾನಕ್ಕೆ ಬಹಿರಂಗವಾಗಿ ಜನಾದೇಶ ಕೇಳಿತು, ಅರ್ಧಕ್ಕಿಂತ ಕಡಿಮೆ ಮತದಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಸ್ಥಾನ ಗಳಿಸಿತು, 1972ರಲ್ಲಿ ಸಂವಿಧಾನ ಬರೆಯಿತು. 1977ರಲ್ಲಿ ಜಯವರ್ಧನೆ ಅವರ ಪಕ್ಷ 168ರಲ್ಲಿ 140 ಸ್ಥಾನ ಗೆದ್ದು, ಮರುವರ್ಷ ಇನ್ನೊಂದು ಸಂವಿಧಾನ ಬರೆದು ಬಲಿಷ್ಠ ಅಧ್ಯಕ್ಷ ಹುದ್ದೆಯನ್ನು ಸೃಷ್ಟಿಸಿತು. 1982ರಲ್ಲಿ ಜನಮತಗಣನೆಯ ಮೂಲಕ ಅದೇ ಸಂಸತ್ತಿನ ಆಯುಷ್ಯವನ್ನು ಆರು ವರ್ಷ ಹೆಚ್ಚಿಸಿಕೊಂಡಿತು. ತಮಿಳರ ಮುಖ್ಯ ಪಕ್ಷ ಎರಡೂ ಸಂವಿಧಾನಗಳನ್ನು ಒಪ್ಪಲಿಲ್ಲ. ಆ ದ್ವೀಪ ಅದಕ್ಕೆ ತೆತ್ತ ಬೆಲೆ ನಮಗೆಲ್ಲ ಗೊತ್ತಿದೆ. ಇಲ್ಲಿ ನನ್ನ ಮೊದಲ ನಿಯಮವೂ ಸಾಲದೆಂದು ಕಾಣುತ್ತದೆ: ಕೇಳಿ ಗೆದ್ದರೂ ಆಗಲಿಲ್ಲ, ಏಕೆಂದರೆ ಸೋತವರೂ ಆ ಸಂವಿಧಾನದ ಕೆಳಗೆ ಬದುಕಬೇಕಾಗಿತ್ತು.

ಚಿಲಿ ದೇಶದ್ದು ಇನ್ನೊಂದು ಬಗೆ. ಹೊಸ ಸಂವಿಧಾನ ಬೇಕೇ ಎಂದು 2020ರಲ್ಲಿ ಕೇಳಿದಾಗ ಶೇಕಡಾ 78ರಷ್ಟು ಜನ ಬೇಕೆಂದರು. ಬರೆದು ಮುಂದಿಟ್ಟಾಗ, 2022ರಲ್ಲಿ, ಶೇಕಡಾ 62ರಷ್ಟು ಜನ ಇದು ಬೇಡವೆಂದರು. ಮತ್ತೊಂದು ಬಣ ಬರೆದದ್ದನ್ನು 2023ರ ಡಿಸೆಂಬರಿನಲ್ಲಿ ಅದನ್ನೂ ತಿರಸ್ಕರಿಸಿದರು. ಬದಲಾವಣೆ ಬೇಕೆನ್ನುವುದು ಬೇರೆ, ಇದೇ ಬದಲಾವಣೆ ಬೇಕೆನ್ನುವುದು ಬೇರೆ. ಪಠ್ಯವನ್ನು ಓದಲು ಕೊಟ್ಟು ಕೇಳಿದ್ದರಿಂದಲೇ ಆ ವ್ಯತ್ಯಾಸ ಹೊರಬಂದಿತು. ಸ್ವೀಡನ್ ಮತ್ತು ನೆದರ್ಲೆಂಡ್ಸ್ ದೇಶಗಳಲ್ಲಿ ತಿದ್ದುಪಡಿಯನ್ನು ಎರಡು ಬಾರಿ ಅಂಗೀಕರಿಸಬೇಕು, ನಡುವೆ ಒಂದು ಸಾರ್ವತ್ರಿಕ ಚುನಾವಣೆ ನಡೆದಿರಬೇಕು. ನನಗೆ ಈ ಏರ್ಪಾಡು ಬಹಳ ಹಿಡಿಸುತ್ತದೆ. ಮೊದಲು ಮಸೂದೆ, ಆಮೇಲೆ ಚುನಾವಣೆ. ನಮ್ಮಲ್ಲಿ ಕ್ರಮ ತಿರುಗುಮುರುಗಾಗಿದೆ. ಗೆದ್ದ ಮೇಲೆ ಮಸೂದೆ ಹೊರಬರುತ್ತದೆ.

ನ್ಯಾಯಾಲಯವೇ ಎಲ್ಲವನ್ನೂ ಕಾಯಲಿ ಎಂದು ನಾನು ಹೇಳಲಾರೆ. 2014ರಲ್ಲಿ ಬಹುತೇಕ ಎಲ್ಲ ಪಕ್ಷಗಳೂ ಒಪ್ಪಿ ಅಂಗೀಕರಿಸಿದ ನ್ಯಾಯಾಂಗ ನೇಮಕಾತಿ ಆಯೋಗದ ತಿದ್ದುಪಡಿಯನ್ನು ಮರುವರ್ಷ ಸುಪ್ರೀಂ ಕೋರ್ಟು ರದ್ದುಮಾಡಿದಾಗ ನನಗೆ ಕಸಿವಿಸಿಯಾಯಿತು. ಆ ತೀರ್ಪಿನಲ್ಲಿ ನ್ಯಾಯಾಧೀಶರು ತಮ್ಮ ನೇಮಕಾತಿಯ ಬಗ್ಗೆ ತಾವೇ ತೀರ್ಮಾನಿಸಿದರು. ತನಗೇ ಕ್ರಯ ಮಾಡಿಕೊಳ್ಳಬಾರದೆಂಬ ನಿಯಮ ಅವರಿಗೂ ಅನ್ವಯಿಸಬೇಕಲ್ಲವೇ? ಮೂಲ ಸ್ವರೂಪದ ತತ್ವ ನಮಗೆ ಬೇಕು, ಆದರೆ ಅದು ಕೊನೆಯ ಬೇಲಿ. ಅದಕ್ಕೂ ಮುಂಚೆ ನಾವು ಮತದಾರರು ಕಟ್ಟಬೇಕಾದ ಬೇಲಿಗಳಿವೆ.

2024ರ ಚುನಾವಣೆಗೆ ಮುಂಚೆ ನಮ್ಮ ರಾಜ್ಯದ ಸಂಸದರೊಬ್ಬರು ಸಂವಿಧಾನ ಬದಲಿಸಲು 400 ಸ್ಥಾನ ಬೇಕೆಂದರು. ಅದು ಅವರ ವೈಯಕ್ತಿಕ ಅಭಿಪ್ರಾಯವೆಂದು ಅವರ ಪಕ್ಷ ದೂರ ಸರಿಯಿತು. ಫಲಿತಾಂಶದಲ್ಲಿ ಆ ಪಕ್ಷಕ್ಕೆ 240 ಬಂದಾಗ, ಜನ ಸಂವಿಧಾನ ಉಳಿಸಲು ಆದೇಶ ಕೊಟ್ಟಿದ್ದಾರೆಂದು ಎದುರು ಪಕ್ಷಗಳು ಹೇಳಿದವು. 400 ಬಂದಿದ್ದರೆ ಅದು ಸಂವಿಧಾನ ಬದಲಿಸುವ ಆದೇಶ ಎಂಬ ಓದನ್ನು ನಾನು ಒಪ್ಪುತ್ತಿರಲಿಲ್ಲ. ಅದೇ ಅಳತೆಯಲ್ಲಿ ಎದುರು ಪಕ್ಷಗಳ ಓದನ್ನೂ ಪೂರ್ತಿಯಾಗಿ ಒಪ್ಪಲಾರೆ. ಲೈನಿನ ಆ ಹೆಂಗಸಿನಂಥ ಕೋಟ್ಯಂತರ ಜನರ ಕಾರಣಗಳು ಎರಡೂ ಓದುಗಳಲ್ಲಿ ಕಾಣೆಯಾಗುತ್ತವೆ.

ಅದೇ ವರ್ಷದ ಡಿಸೆಂಬರಿನಲ್ಲಿ, ಲೋಕಸಭೆಗೂ ವಿಧಾನಸಭೆಗಳಿಗೂ ಒಟ್ಟಿಗೆ ಚುನಾವಣೆ ನಡೆಸುವ 129ನೇ ತಿದ್ದುಪಡಿ ಮಸೂದೆ ಮಂಡನೆಯಾಯಿತು, ಜಂಟಿ ಸಮಿತಿಗೆ ಹೋಯಿತು. ಆಳುವ ಪಕ್ಷದ ಪ್ರಣಾಳಿಕೆಯಲ್ಲಿ ಆ ವಿಷಯ ಇತ್ತು ಎಂಬುದನ್ನು ಒಪ್ಪೋಣ. ಸಮಿತಿಗೆ ಕಳಿಸಿದ್ದೂ ಒಳ್ಳೆಯದೇ. ಆದರೆ ವಿಧಾನಸಭೆಗಳ ಅವಧಿಯನ್ನು ಮುಟ್ಟುವ ಈ ಬದಲಾವಣೆಗೆ ರಾಜ್ಯಗಳ ಅನುಮೋದನೆ ಬೇಕಿಲ್ಲವೆಂದು ಇದನ್ನು ಶಿಫಾರಸು ಮಾಡಿದ ಉನ್ನತ ಸಮಿತಿ ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಕರ್ನಾಟಕದ ವಿಧಾನಸಭೆಯ ಆಯುಷ್ಯ ಎಷ್ಟಿರಬೇಕೆಂದು ಕರ್ನಾಟಕದ ವಿಧಾನಸಭೆಯನ್ನು ಕೇಳಲೇಬೇಕು.

ಇನ್ನೊಂದು ಸಣ್ಣ ಸಂಗತಿಯಿದೆ, ನನಗೆ ಅದು ಸಣ್ಣದಾಗಿ ಕಾಣುವುದಿಲ್ಲ. ಸಂಸತ್ತಿನಲ್ಲಿ ಮಂಡನೆಯಾಗುವ ಮಸೂದೆಗಳು ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಇರುತ್ತವೆ. ನಮ್ಮ ಆದೇಶವೆಂದು ಯಾವುದನ್ನು ಕರೆಯಲಾಗುತ್ತದೆಯೋ ಅದರ ಪಠ್ಯ ಮಂಡನೆಯ ದಿನ ನಮ್ಮ ಭಾಷೆಯಲ್ಲಿ ಇರುವುದಿಲ್ಲ. ಸಂವಿಧಾನ ತಿದ್ದುಪಡಿಯ ಯಾವ ಮಸೂದೆಯೇ ಆಗಲಿ, ಮತಕ್ಕೆ ಹಾಕುವ ಮುಂಚೆ ಅದರ ಕನ್ನಡ ಪಠ್ಯ ಪ್ರತಿ ಗ್ರಾಮ ಪಂಚಾಯಿತಿಯ ಫಲಕಕ್ಕೆ ಬರಬೇಕೆಂದು ನಮ್ಮ ಸಂಸದರನ್ನು ಕೇಳೋಣ. ಕಳೆದ ಮಳೆಗಾಲದಲ್ಲಿ ನಾವು ಏಳೆಂಟು ಜನ ನಮ್ಮ ಪಂಚಾಯಿತಿಯ ವಾಚನಾಲಯದಲ್ಲಿ ಕುಳಿತು 129ನೇ ತಿದ್ದುಪಡಿ ಮಸೂದೆಯನ್ನು ಸಾಲು ಸಾಲಾಗಿ ಕನ್ನಡಕ್ಕೆ ತಂದುಕೊಂಡೆವು. ಅವಧಿಗೆ ಮುಂಚೆ ವಿಧಾನಸಭೆ ವಿಸರ್ಜನೆಯಾದರೆ ಮುಂದಿನ ಸಭೆ ಉಳಿದ ಅವಧಿಗೆ ಮಾತ್ರ ಎಂಬ ಭಾಗಕ್ಕೆ ಬಂದಾಗ ಪಂಚಾಯಿತಿಯ ಸದಸ್ಯೆಯೊಬ್ಬರು ನಮ್ಮನ್ನು ತಡೆದು, "ಅಂದರೆ ನಾವು ಎರಡೇ ವರ್ಷಕ್ಕೆ ಒಬ್ಬ ಎಂಎಲ್‌ಎಯನ್ನು ಆರಿಸ್ಬೇಕಾಗಬಹುದಾ? ಅಷ್ಟರಲ್ಲಿ ಅವರು ನಮ್ಮ ರಸ್ತೆಯ ಕಡತ ಹುಡುಕೋಷ್ಟರಲ್ಲೇ ಮುಗಿಯುತ್ತಲ್ಲ" ಎಂದರು. ಪರವಾಗಿದ್ದವರು ಖರ್ಚು ಉಳಿಯುವ ಲೆಕ್ಕ ಹೇಳಿದರು, ವಿರುದ್ಧ ಇದ್ದವರು ರಾಜ್ಯದ ಹಕ್ಕಿನ ಮಾತೆತ್ತಿದರು. ಹೊರಗೆ ಮಳೆ ಬಿಟ್ಟರೂ ಯಾರೂ ಏಳಲಿಲ್ಲ. ಉಳಿದ ಕಲಮುಗಳನ್ನು ಮುಂದಿನ ಭಾನುವಾರಕ್ಕೆ ಇಟ್ಟುಕೊಂಡೆವು.